ವಲ್ಲಿಯ ಕೆಳಗಿನ ಕೈ

"ಗುರುಗಳೇ, ಹಿರಿಯರ ಕೆಲಸವನ್ನು ಮುಂದುವರಿಸುವುದು ಎಂದರೆ ಅವರು ಮಾಡಿದ್ದನ್ನೇ ಮಾಡುವುದೇ?" ಎಂದು ನೀಲಗಂಗವ್ವ ಕೇಳಿದಳು.

ಗುರುಗಳು ಮಠಕ್ಕೆ ಬರುವ ಮುಂಚೆ ಕಾಳಿನ ವ್ಯಾಪಾರ ಮಾಡಿದವರು. ಪ್ರಶ್ನೆ ಯಾವುದೇ ಇರಲಿ, ಚೀಲ ಬಿಚ್ಚಿ ನೋಡದೆ ಬೆಲೆ ಹೇಳುವವರಲ್ಲ.

"ಬಿಡಿಸಿ ಹೇಳು" ಎಂದರು.

"ನನ್ನ ತಂದೆ ನಮ್ಮೂರಿನಲ್ಲಿ ಜೀತ ಬಿಡಿಸಿದವರು. ಯಾರ ಮೇಲೂ ಕೈ ಎತ್ತಲಿಲ್ಲ, ಯಾರಿಗೂ ಕೆಟ್ಟ ಮಾತು ಆಡಲಿಲ್ಲ. ಚಾವಡಿಯ ಕಟ್ಟೆಯ ಮೇಲೆ ಅನ್ನ ಬಿಟ್ಟು ಕೂತರು. ಗೌಡರು ಜೀತದಾಳುಗಳನ್ನು ಬಿಡುವವರೆಗೆ ಏಳಲಿಲ್ಲ. ಅವರು ತೀರಿಕೊಂಡ ಮೇಲೆ ಪ್ರತಿ ವರ್ಷ ಅದೇ ದಿನ ಅದೇ ಕಟ್ಟೆಯ ಮೇಲೆ ನಾನು ಉಪವಾಸ ಕೂರುತ್ತೇನೆ. ಊರೆಲ್ಲ ಸೇರುತ್ತದೆ. ಈ ಸಲ ದೊಡ್ಡದಾಗಿ ಮಾಡುತ್ತಿದ್ದಾರೆ. ನಮ್ಮೂರ ಸಾಹುಕಾರರು ತಾವೇ ಮುಂದೆ ಬಂದು ಚಪ್ಪರ ಹಾಕಿಸುತ್ತಿದ್ದಾರೆ."

"ಒಳ್ಳೆಯದಾಯಿತು. ಮತ್ತೆ ಚಿಂತೆ ಏನು?"

"ಊರಾಚೆ ಆ ಸಾಹುಕಾರರದೇ ಒಂದು ಇಟ್ಟಿಗೆ ಭಟ್ಟಿ ಇದೆ. ಅಲ್ಲಿ ದುಡಿಯುವ ಹೆಂಗಸರು ಹೋದ ವಾರ ಮನೆಗೆ ಬಂದಿದ್ದರು. ತಮ್ಮ ಊರಿಗೆ ಹೋಗುತ್ತೇವೆ ಎಂದರೆ ಬಿಡುತ್ತಿಲ್ಲವಂತೆ. ಗಂಡಂದಿರನ್ನು ಕಳಿಸಿದರೆ ಹೆಂಡತಿ ಮಕ್ಕಳನ್ನು ಇರಿಸಿಕೊಳ್ಳುತ್ತಾರಂತೆ. ತಂದೆಯ ದಿನ ಮುಗಿಯಲಿ, ಆಮೇಲೆ ನೋಡೋಣ ಎಂದು ಹೇಳಿ ಕಳಿಸಿದೆ. ಅಂದಿನಿಂದ ಉಪವಾಸವಿಲ್ಲದೆಯೂ ಅನ್ನ ಇಳಿಯುತ್ತಿಲ್ಲ. ಕಟ್ಟೆಯ ಮೇಲೆ ಕೂತರೆ ಏನೋ ತಪ್ಪಿದ ಹಾಗೆ. ಕೂರದಿದ್ದರೆ ತಂದೆಯನ್ನೇ ಬಿಟ್ಟ ಹಾಗೆ. ಏನು ಮಾಡಲಿ?"

ಗುರುಗಳು ಒಂದು ಕಥೆ ಹೇಳತೊಡಗಿದರು.

ಒಂದು ಪೇಟೆ. ಸುತ್ತಲಿನ ಹಳ್ಳಿಗಳ ತೊಗರಿಯೆಲ್ಲ ಅಲ್ಲಿಗೆ ಬರುತ್ತಿತ್ತು. ಆ ಪೇಟೆಯಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವ ಪದ್ಧತಿ ಇರಲಿಲ್ಲ. ದಲ್ಲಾಳಿ ತನ್ನ ಕಲ್ಲಿನ ಮೇಲೆ ಕೂರುವನು. ಮಾರುವವನು ಎದುರಿಗೆ ಕೂರುವನು. ದಲ್ಲಾಳಿ ಹೆಗಲ ಮೇಲಿನ ವಲ್ಲಿ ತೆಗೆದು ಇಬ್ಬರ ಬಲಗೈಗಳ ಮೇಲೆ ಹೊದಿಸುವನು. ವಲ್ಲಿಯ ಕೆಳಗೆ ಬೆರಳು ಹಿಡಿದರೆ ಒಂದು ಬೆಲೆ, ಗೆಣ್ಣು ಒತ್ತಿದರೆ ಇನ್ನೊಂದು. ಸಾಲದು ಎಂದರೆ ಮಾರುವವನು ಬೆರಳು ತಿರುಗಿಸುವನು. ಕೊಳ್ಳುವವರೂ ಒಬ್ಬೊಬ್ಬರಾಗಿ ಬಂದು ಅದೇ ವಲ್ಲಿಯೊಳಗೆ ಕೈ ಇಟ್ಟು ತಮ್ಮ ಬೆಲೆ ತಿಳಿಸಿ ಹೋಗುವರು. ಪಕ್ಕದಲ್ಲಿ ನಿಂತವನಿಗೆ ಬಟ್ಟೆ ಅಲುಗಿದ್ದು ಕಾಣುವುದು. ಬೆಲೆ ಕಾಣದು.

ಊರ ಹೊರಗಿನ ಕೇರಿಯವರೂ ತೊಗರಿ ಬೆಳೆಯುತ್ತಿದ್ದರು. ಆದರೆ ಅವರ ಕೈಯನ್ನು ಯಾವ ದಲ್ಲಾಳಿಯೂ ಮುಟ್ಟುತ್ತಿರಲಿಲ್ಲ. ಅವರು ಚೀಲ ಇಳಿಸಿ ದೂರ ನಿಲ್ಲಬೇಕು. ದಲ್ಲಾಳಿ ಕೂತಲ್ಲಿಂದ ಒಂದು ಬೆಲೆ ಎಸೆಯುವನು. ಬೇಕಾದರೆ ಕೊಡು, ಬೇಡವಾದರೆ ಹೊತ್ತುಕೊಂಡು ಹೋಗು. ಚೌಕಾಸಿ ಇಲ್ಲ. ಅದಕ್ಕೆ ಬಾಯಿಬೆಲೆ ಎಂದು ಹೆಸರು. ಬಾಯಿಬೆಲೆಯವನು ಎನ್ನುವುದು ಆ ಪೇಟೆಯಲ್ಲಿ ಬೈಗುಳ.

ಒಂದು ಸಂತೆಯ ದಿನ ಒಬ್ಬ ದಲ್ಲಾಳಿ ಕೇರಿಯ ರೈತನೊಬ್ಬನನ್ನು ಕರೆದ.

"ಬಾ, ಎದುರಿಗೆ ಕೂರು."

ರೈತ ತನ್ನ ಹಿಂದೆ ಯಾರಿದ್ದಾರೆ ಎಂದು ತಿರುಗಿ ನೋಡಿದ.

"ನಿನ್ನನ್ನೇ ಕರೆದದ್ದು" ಎಂದ ದಲ್ಲಾಳಿ. ಅವನ ಕೈ ಹಿಡಿದು ವಲ್ಲಿ ಹೊದಿಸಿದ.

ದಲ್ಲಾಳಿಗೆ ಆ ದಿನ ಯಾಕೆ ಹಾಗೆ ಅನಿಸಿತು ಎಂದು ನನ್ನನ್ನು ಕೇಳಬೇಡ. ಅನಿಸಿತು. ಹೀಗೆ ಅನಿಸುವುದು ಎಷ್ಟೋ ಜನರಿಗೆ. ಅನಿಸಿದ ಮೇಲೆ ಕೈ ಚಾಚುವವರು ಕಡಿಮೆ.

ಪೇಟೆ ಅವನನ್ನು ಬಿಟ್ಟಿತು. ಕೇರಿಯ ಕೈ ಮುಟ್ಟಿದ ಕೈಯನ್ನು ನಾವು ಮುಟ್ಟುವುದು ಹೇಗೆ ಎಂದು ಕೊಳ್ಳುವವರು ಬೇರೆ ಕಲ್ಲುಗಳಿಗೆ ಹೋದರು. ವಲ್ಲಿಯ ಮೇಲೆ ಸಗಣಿ ನೀರು ಬಿತ್ತು. ಅವನು ಅದನ್ನು ಒಗೆಸಿಕೊಂಡು ಮುಂದಿನ ಸಂತೆಗೆ ಅದನ್ನೇ ಹೊದ್ದು ಬಂದ. ಎದುರಾಡಲಿಲ್ಲ. ಅಂಗಡಿ ಮುಚ್ಚಲೂ ಇಲ್ಲ. ತನ್ನ ಕಲ್ಲಿನ ಮೇಲೆ ಕೂತು, ಕೈ ಚಾಚಿ, ಮೇಲೆ ವಲ್ಲಿ ಹಾಸಿಕೊಂಡು ಸಂತೆ ಕರಗುವವರೆಗೆ ಇರುತ್ತಿದ್ದ.

"ಕೈ ನೋಯುವುದಿಲ್ಲವೇ ಸ್ವಾಮಿ?" ಎಂದು ಒಬ್ಬ ವ್ಯಾಪಾರಿ ಹಂಗಿಸಿದ.

"ನೋಯುತ್ತದೆ. ನೀವೂ ನಿಮ್ಮದನ್ನು ಒಳಗಿಟ್ಟರೆ ಕಡಿಮೆಯಾದೀತು" ಎಂದ ದಲ್ಲಾಳಿ.

ಕೆಲವು ವರ್ಷ ಹೀಗೆಯೇ ಹೋಯಿತು. ಕೇರಿಯವರ ಕಾಳನ್ನು ಅವನು ದೂರದ ಸಂತೆಗಳಿಗೆ ಗಾಡಿ ಕಟ್ಟಿ ಕಳಿಸಿದ. ಲಾಭವಿರಲಿಲ್ಲ. ಹೇಗೋ ತಳ್ಳಿಕೊಂಡು ಬಂದ. ಒಂದು ವರ್ಷ ಎರೆಹೊಲಗಳ ತೊಗರಿಗೆಲ್ಲ ಕಾಯಿಕೊರಕ ಬಿದ್ದು ಕಾಳು ಜೊಳ್ಳಾಯಿತು. ಕೇರಿಯವರ ಕಲ್ಲುಹೊಲದ ತೊಗರಿ ಮಾತ್ರ ಗಟ್ಟಿಯಾಗಿ ಬಂತು. ಆ ವರ್ಷ ಕೊಳ್ಳುವವರು ಆ ಕಡೆ ಈ ಕಡೆ ನೋಡುತ್ತ ಅವನ ಕಲ್ಲಿನ ಹತ್ತಿರ ಬಂದರು. ಮೊದಲು ಒಬ್ಬ, ಆಮೇಲೆ ಇನ್ನೊಬ್ಬ, ಬಟ್ಟೆಯೊಳಗೆ ಕೈ ಇಟ್ಟರು.

ಅವರ ಮನಸ್ಸು ತಿರುಗಿತು ಎಂದು ನಾನು ಹೇಳುವುದಿಲ್ಲ. ಅವರಿಗೆ ಕಾಳು ಬೇಕಿತ್ತು. ಆದರೆ ಕಾಳು ಬೇಕಾದ ದಿನ ಆ ಕೈ ಅಲ್ಲಿ ಚಾಚಿಕೊಂಡು ಇತ್ತು. ಅವನು ಮಾಡಿದ್ದು ಅಷ್ಟೇ, ಮತ್ತು ಅದು ಸಣ್ಣದಲ್ಲ. ಒಂದು ಸಲ ಇಟ್ಟ ಕೈಯನ್ನು ಮರುವರ್ಷ ಮೈಲಿಗೆ ಎಂದು ಹಿಂದಕ್ಕೆ ತೆಗೆದುಕೊಳ್ಳಲು ಯಾರಿಗೂ ಮುಖವಿರಲಿಲ್ಲ. ಬಾಯಿಬೆಲೆ ನಿಂತಿತು.

ದಲ್ಲಾಳಿ ತೀರಿಕೊಂಡ. ಅವನ ಮಗ ಅದೇ ಕಲ್ಲಿನ ಮೇಲೆ ಕೂತು ಬಂದವರ ಕೈಯನ್ನೆಲ್ಲ ಹಿಡಿದ. ಅವನೂ ಹೋದ. ಮೊಮ್ಮಗನ ಕಾಲ ಬಂತು. ಅಷ್ಟರಲ್ಲಿ ಆ ವಲ್ಲಿ ಪೆಟ್ಟಿಗೆ ಸೇರಿತ್ತು. ಹೊಸ ತೊಗರಿ ಬರುವ ಮೊದಲ ಸಂತೆಯ ದಿನ ಅದನ್ನು ಹೊರಗೆ ತೆಗೆದು, ಹರಿವಾಣದಲ್ಲಿಟ್ಟು, ಹೂವೇರಿಸಿ, ಡೊಳ್ಳಿನೊಂದಿಗೆ ಪೇಟೆಗೆ ತರುವರು. ವರ್ಷದ ಮೊದಲ ವ್ಯಾಪಾರ ಆ ವಲ್ಲಿಯ ಕೆಳಗೇ, ಆ ಮನೆಯವನ ಕೈಯಿಂದಲೇ ಆಗಬೇಕು. ಹೂವು, ಡೊಳ್ಳು, ಪಾನಕ ಎಲ್ಲವೂ ಪೇಟೆಯ ವ್ಯಾಪಾರಿಗಳ ಕಡೆಯಿಂದ. ಸಗಣಿ ಎಸೆದವರ ಮೊಮ್ಮಕ್ಕಳೇ ಹಾರ ಹಿಡಿದು ಮುಂದೆ ನಡೆಯುವರು.

ಮೊಮ್ಮಗನಿಗೆ ಅದರಲ್ಲಿ ತಪ್ಪು ಕಾಣಲಿಲ್ಲ. ನನಗೂ ಕಾಣುವುದಿಲ್ಲ. ಸಗಣಿ ಹಿಡಿದ ಕೈಗಿಂತ ಹಾರ ಹಿಡಿದ ಕೈ ವಾಸಿ. ಆದರೆ ವ್ಯಾಪಾರಿ ಪುಕ್ಕಟೆ ಪಾನಕ ಕೊಟ್ಟರೆ ಯಾಕೆ ಕೊಟ್ಟ ಎಂದು ಒಂದು ಸಲ ಕೇಳಿಕೊಳ್ಳಬೇಕು. ಅವನು ಕೇಳಿಕೊಳ್ಳಲಿಲ್ಲ.

ಒಂದು ವರ್ಷ, ಮೊದಲ ಸಂತೆಗೆ ಇನ್ನೂ ಕೆಲವು ವಾರ ಇರುವಾಗ, ಹುಲಿಗೆವ್ವ ಎಂಬ ಹೆಂಗಸು ಅವನ ಅಂಗಡಿಗೆ ಬಂದಳು. ಕೇರಿಯವಳು. ಅಜ್ಜ ಮೊಟ್ಟಮೊದಲು ಕೈ ಹಿಡಿದ ರೈತ ಅವಳ ಮಾವ. ಗಂಡ ಸತ್ತ ಮೇಲೆ ಹೊಲವನ್ನು ತಾನೇ ಮಾಡುತ್ತಿದ್ದಳು. ಕಾಳನ್ನು ಪೇಟೆಗೆ ತಂದು ಮಾರುತ್ತಿದ್ದವನು ಮೈದುನ.

"ಅಣ್ಣಾ, ಹೋದ ವರ್ಷ ನನ್ನ ತೊಗರಿ ಯಾವ ಬೆಲೆಗೆ ಹೋಯಿತು?"

"ನಿನ್ನ ಮೈದುನನಿಗೆ ಹೇಳಿದ್ದೆನಲ್ಲ?"

"ನೀನು ಅವನಿಗೆ ಹೇಳಿದೆ. ಅವನು ನನಗೆ ಹೇಳಿದ. ನಾನು ಕೇಳುತ್ತಿರುವುದು ನೀನು ಹೇಳಿದ್ದನ್ನು."

ಅವನು ಹೇಳಿದ. ಮೈದುನ ಹೇಳಿದ್ದಕ್ಕೂ ಇದಕ್ಕೂ ಒಂದು ಬೆರಳಿನ ವ್ಯತ್ಯಾಸ ಇತ್ತು. ಆ ಒಂದು ಬೆರಳಿನಲ್ಲಿ ಅವಳ ಬಿತ್ತನೆ ಬೀಜ ಇತ್ತು.

"ಹಾಗಾದರೆ ಈ ಸಲ ನೀನೇ ಬಾರವ್ವ" ಎಂದ ಮೊಮ್ಮಗ.

"ಬಂದು ಕೈ ಎಲ್ಲಿಡಲಿ? ಪೇಟೆಯ ಗಂಡಸರೆಲ್ಲ ನೋಡುತ್ತಿರಬೇಕು, ನಾನು ಬಟ್ಟೆಯ ಕೆಳಗೆ ನಿನ್ನ ಬೆರಳು ಹಿಡಿಯಬೇಕು. ಆಮೇಲೆ ಮನೆಗೆ ಹೋದರೆ ಬಾಗಿಲು ತೆಗೆಯುವವರು ಯಾರು?"

ಹುಲಿಗೆವ್ವ ಬಾಗಿಲ ಕಡೆ ತಿರುಗಿದಳು.

"ಈ ಬೆಳೆಯೂ ಹಾಗೇ ಹೋದರೆ ಮುಂದೆ ಬಿತ್ತಲು ನನ್ನಿಂದ ಆಗುವುದಿಲ್ಲ. ಹೊಲ ಮೈದುನನ ಕೈಗೆ ಹೋಗುತ್ತದೆ. ಅವನು ಕಾಯುತ್ತಿರುವುದೂ ಅದಕ್ಕೇ" ಎಂದು ಹೇಳಿ ಅವಳು ಹೋದಳು.

ಅವಳು ಹೋದ ಮೇಲೆ ಅವನು ಯೋಚಿಸಿದ. ಎಲ್ಲರ ಕೈಗೂ ಈ ವಲ್ಲಿಯೊಳಗೆ ಜಾಗ ಉಂಟು ಎನ್ನುವುದು ಅವರ ಮನೆಯ ಮಾತು. ಅಜ್ಜನೂ ಹೇಳುತ್ತಿದ್ದ, ಅಪ್ಪನೂ ಹೇಳುತ್ತಿದ್ದ. ಅಷ್ಟು ವರ್ಷಗಳಲ್ಲಿ ಒಬ್ಬ ಹೆಂಗಸಿನ ಕೈಯೂ ಅದರೊಳಗೆ ಬಂದಿರಲಿಲ್ಲ. ಅದು ಯಾರ ಗಮನಕ್ಕೂ ಬಂದಿರಲಿಲ್ಲ.

ಏನು ಮಾಡಬೇಕು ಎನ್ನುವುದರಲ್ಲಿ ಅವನಿಗೆ ಅನುಮಾನವೇ ಇರಲಿಲ್ಲ. ಮುಂದಿನ ಸಂತೆಯ ದಿನ ತನ್ನ ಕಲ್ಲಿನ ಮೇಲೆ ಕೂತ. ಅಜ್ಜ ಚಾಚಿದ ಹಾಗೆ ಕೈ ಚಾಚಿದ. ಮೇಲೆ ಬಟ್ಟೆ ಹಾಸಿಕೊಂಡ. ಇನ್ನು ಮೇಲೆ ಹೆಂಗಸರೂ ಬಂದು ತಮ್ಮ ಬೆಲೆಯನ್ನು ತಾವೇ ಮಾತಾಡಬಹುದು ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದ.

ಯಾರೂ ಬರಲಿಲ್ಲ.

"ಏನಪ್ಪಾ, ಹೆಣ್ಣು ನೋಡಲು ಕೂತೆಯೋ? ಮನೆಯಲ್ಲಿರುವ ಹೆಂಡತಿಗೆ ತಿಳಿಸಿ ಬಂದಿದ್ದೀಯೋ ಇಲ್ಲವೋ?" ಎಂದು ಪಕ್ಕದ ಕಲ್ಲಿನ ದಲ್ಲಾಳಿ ಕೂಗಿದ. ಪೇಟೆ ನಕ್ಕಿತು.

ನಕ್ಕಷ್ಟೂ ಮೊಮ್ಮಗನಿಗೆ ಹುರುಪು ಬಂತು. ಅಜ್ಜನನ್ನೂ ಹೀಗೇ ಹಂಗಿಸಿದ್ದರು ಎಂದುಕೊಂಡ. ಮುಂದಿನ ಸಂತೆಗೂ ಬಂದು ಕೂತ. ಅದರ ಮುಂದಿನ ಸಂತೆಗೂ ಕೂತ. ಸೊಪ್ಪು ಮಾರುವ ಹೆಂಗಸರು ಅಲ್ಲಿಯವರೆಗೆ ಅವನ ಕಲ್ಲಿನ ಮುಂದೆಯೇ ಹಾದು ಹೋಗುತ್ತಿದ್ದರು. ಈಗ ಸುತ್ತು ಹಾಕಿಕೊಂಡು ಇನ್ನೊಂದು ದಾರಿ ಹಿಡಿದರು.

ಕೊನೆಗೆ ಹುಲಿಗೆವ್ವನೇ ಬಂದು ಎದುರಿಗೆ ನಿಂತಳು.

"ಅಣ್ಣಾ, ಕೈ ಒಳಗೆ ತಗೋ."

"ನಿಮ್ಮಂಥವರಿಗಾಗಿಯೇ ಚಾಚಿದ್ದೇನಲ್ಲವ್ವ."

"ನಮ್ಮ ಮಾವನಿಗೆ ನಿಮ್ಮಜ್ಜನ ಕೈ ಬೇಕಾಗಿತ್ತು. ನನಗೆ ನಿನ್ನ ಕೈ ಬೇಡ. ಬೆಲೆ ಬೇಕು."

ಇಷ್ಟು ಹೇಳಿ ಅವಳು ಹೋದಳು. ಮೊಮ್ಮಗ ಕೈಯನ್ನು ಒಳಗೆ ತೆಗೆದುಕೊಂಡ.

ಮಗಳೇ, ಅದು ಆ ಮನೆಯಲ್ಲಿ ಹುಟ್ಟಿದವನು ಮಾತ್ರ ಮಾಡಬಲ್ಲ ತಪ್ಪು. ಬೇರೆಯವನಾಗಿದ್ದರೆ, ನಿನಗೆ ಏನು ಬೇಕವ್ವ ಎಂದು ಆ ಹೆಂಗಸನ್ನು ಮೊದಲು ಕೇಳುತ್ತಿದ್ದ. ಇವನು ಅವಳ ಮುಖ ನೋಡಲಿಲ್ಲ. ಅಜ್ಜ ಏನು ಮಾಡಿದ್ದ ಎಂದು ನೋಡಿದ.

ಈಗ ಅವನು ವ್ಯಾಪಾರಿಯ ಹಾಗೆ ಯೋಚಿಸಿದ. ಅವಳಿಗೂ ಬೆಲೆಗೂ ನಡುವೆ ಏನಿದೆ? ಮೈದುನ ಇದ್ದಾನೆ. ಮೈದುನ ಅಲ್ಲಿ ನಿಲ್ಲಲು ಸಾಧ್ಯವಾದದ್ದು ಹೇಗೆ? ಬೆಲೆ ಬಟ್ಟೆಯ ಕೆಳಗೆ ಇರುವುದರಿಂದ. ಬಟ್ಟೆಯ ಕೆಳಗಿನ ಬೆಲೆ ಹುಲಿಗೆವ್ವನಿಗೆ ಮಾತ್ರವಲ್ಲ, ಕಾಳು ತಂದ ಯಾರಿಗೂ ಪೂರ್ತಿ ಗೊತ್ತಿರಲಿಲ್ಲ. ಪ್ರತಿಯೊಬ್ಬನಿಗೂ ತನ್ನ ಬೆಲೆ ಗೊತ್ತು, ಪಕ್ಕದವನದು ಗೊತ್ತಿಲ್ಲ. ಎಲ್ಲರ ಬೆಲೆಯೂ ಗೊತ್ತಿದ್ದವರು ಪೇಟೆಯ ದಲ್ಲಾಳಿಗಳು ಮತ್ತು ಅವರೊಂದಿಗೆ ಕೂತು ಊಟ ಮಾಡುವ ವ್ಯಾಪಾರಿಗಳು. ಹಾರ ಎಲ್ಲಿಂದ ಬರುತ್ತದೆ, ಪಾನಕ ಎಲ್ಲಿಂದ ಬರುತ್ತದೆ ಎನ್ನುವುದು ಅವನಿಗೆ ಅಂದು ತಿಳಿಯಿತು. ಅಜ್ಜನ ಕಾಲದಲ್ಲಿ ವಲ್ಲಿಯ ಹೊರಗೆ ನಿಂತವನಿಗೆ ಅನ್ಯಾಯವಾಗುತ್ತಿತ್ತು. ಈಗ ವಲ್ಲಿಯಿಂದಲೇ ಅನ್ಯಾಯವಾಗುತ್ತಿತ್ತು. ಅವನ ಸ್ವಂತ ಸಂಪಾದನೆಯೂ ಅದರ ಕೆಳಗೇ ಇತ್ತು. ಅದನ್ನೂ ಅವನು ನೋಡಿಕೊಂಡ. ನೋಡಿಕೊಳ್ಳದೆ ಹೊರಟವನು ಅರ್ಧ ದಾರಿಯಲ್ಲಿ ತಿರುಗಿ ಬರುತ್ತಾನೆ.

ಮೊದಲ ಸಂತೆಯ ದಿನ ಬಂತು. ಹರಿವಾಣ, ಹೂವು, ಡೊಳ್ಳು ಎಲ್ಲವೂ ಬಂದವು. ಮೊಮ್ಮಗ ಹರಿವಾಣದಿಂದ ವಲ್ಲಿಯನ್ನು ಎತ್ತಿಕೊಂಡ. ಹೂವು ಕೊಡವಿದ. ಅದನ್ನು ಕಲ್ಲಿನ ಮೇಲೆ ಹಾಸಿದ. ಹೇಳಿ ಕರೆಸಿಕೊಂಡಿದ್ದ ಹುಲಿಗೆವ್ವನ ಚೀಲದಿಂದ ತೊಗರಿ ತೆಗೆದು ಅದರ ಮೇಲೆ ಸುರಿದ.

"ಇದು ಹುಲಿಗೆವ್ವನ ಕಾಳು. ಅವಳು ಇಲ್ಲೇ ನಿಂತಿದ್ದಾಳೆ. ಬೇಕಾದವರು ಬೆಲೆಯನ್ನು ಬಾಯಿಬಿಟ್ಟು ಹೇಳಿ" ಎಂದ.

ಡೊಳ್ಳು ನಿಂತಿತು. ಪೇಟೆಯ ಹಿರಿಯ ವ್ಯಾಪಾರಿ ಮುಂದೆ ಬಂದ.

"ಏನು ಮಾಡುತ್ತಿದ್ದೀಯಪ್ಪಾ? ಅದು ನಿಮ್ಮಜ್ಜನ ವಲ್ಲಿ!"

"ಹೌದು. ಕಾಳಿಗೆ ಮಣ್ಣು ಹತ್ತಬಾರದಲ್ಲ."

"ಪೂಜೆ ಮಾಡಿದ ಬಟ್ಟೆಯನ್ನು ಯಾರಾದರೂ ಕೆಳಗೆ ಹಾಸುತ್ತಾರೆಯೇ?"

"ನಿಮ್ಮಜ್ಜ ಇದರ ಮೇಲೆ ಸಗಣಿ ಸುರಿದಿದ್ದರು. ತೊಗರಿ ಸುರಿದರೆ ಏನೂ ಆಗುವುದಿಲ್ಲ ಬಿಡಿ."

ಅಜ್ಜನಾಗಿದ್ದರೆ ಈ ಮಾತು ಆಡುತ್ತಿರಲಿಲ್ಲ. ಮೊಮ್ಮಗನಿಗೆ ನಾಲಿಗೆ ಸ್ವಲ್ಪ ಉದ್ದ. ಆದರೆ ಹಿರಿಯ ವ್ಯಾಪಾರಿಯ ಮಾತು ಅವನಿಗೆ ತಾಗಲಿಲ್ಲ. ತಾಗಿದ್ದು ಇನ್ನೊಂದು. ಕೇರಿಯ ಒಬ್ಬ ಮುದುಕ ಗುಂಪಿನಿಂದ ಹೊರಗೆ ಬಂದ. ಅವನ ಕಣ್ಣು ತುಂಬಿತ್ತು.

"ನಾನು ಬಾಯಿಬೆಲೆಗೆ ಮಾರಿದವನು ತಮ್ಮಾ. ದೂರ ನಿಂತು ಕೇಳಿಸಿಕೊಂಡಿದ್ದೇನೆ. ನಿಮ್ಮಜ್ಜ ಕೈ ಕೊಟ್ಟು ಅದನ್ನು ತಪ್ಪಿಸಿದ. ಆ ಕೈ ಹಿಡಿದ ದಿನ ಮನೆಗೆ ಹೋಗಿ ನಾನು ಕೈ ತೊಳೆಯದೆ ಉಂಡೆ. ನೀನು ಮತ್ತೆ ಬಾಯಿಬೆಲೆ ತಂದೆಯಾ?"

ಮೊಮ್ಮಗ ಕಲ್ಲಿನಿಂದ ಇಳಿದು ಮುದುಕನ ಮುಂದೆ ನಿಂತ.

"ದೊಡ್ಡಪ್ಪಾ, ಆಗ ನಿನ್ನ ಬೆಲೆ ಬಯಲಲ್ಲಿ ಇತ್ತು. ಎರೆಹೊಲದ ಗೌಡರ ಬೆಲೆ ಬಟ್ಟೆಯ ಕೆಳಗೆ ಇತ್ತು. ಈಗ ಗೌಡರದೂ ಬಯಲಿಗೆ ಬರಲಿ."

ಮುದುಕ ಅವನನ್ನು ನೋಡಿದ. ಒಪ್ಪಲಿಲ್ಲ, ಬೈಯಲೂ ಇಲ್ಲ. "ನೋಡೋಣ" ಎಂದಷ್ಟೇ ಹೇಳಿ ತನ್ನ ಚೀಲಗಳನ್ನು ಪಕ್ಕದ ಕಲ್ಲಿಗೆ ಒಯ್ದ.

ಆ ದಿನ ಯಾರೂ ಬೆಲೆ ಹೇಳಲಿಲ್ಲ. ಮೆರವಣಿಗೆ ಪಕ್ಕದ ಕಲ್ಲಿಗೆ ತಿರುಗಿತು. ಡೊಳ್ಳಿನವರು ಎಲ್ಲಿ ನಿಂತು ಬಾರಿಸಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ನಡುವೆಯೇ ಉಳಿದರು. ಮುಂದಿನ ಸಂತೆಯ ಹೊತ್ತಿಗೆ ವ್ಯಾಪಾರಿಗಳು ಜರಿಯಂಚಿನ ಬೇರೊಂದು ವಲ್ಲಿ ನೇಯಿಸಿಕೊಂಡು ಬಂದರು. ಮೊದಲ ವ್ಯಾಪಾರದ ಮರ್ಯಾದೆ ಇನ್ನೊಂದು ಮನೆಗೆ ಹೋಯಿತು. ಪೂಜೆಗೆ ಬಟ್ಟೆ ಇದ್ದರೆ ಸಾಕು, ಅದು ಅದೇ ಬಟ್ಟೆ ಆಗಬೇಕೆಂದೇನಿಲ್ಲ.

ಮೊಮ್ಮಗ ಪ್ರತಿ ಸಂತೆಗೂ ಬಂದು ಅಜ್ಜನ ವಲ್ಲಿಯನ್ನು ಹಾಸಿ ಕಾಳು ಸುರಿದು ಕೂತ. ಈಗ ಕೂತದ್ದು ಅಜ್ಜನ ಹಾಗೆ ಕಾಣುತ್ತಿರಲಿಲ್ಲ. ಕೈ ಎರಡೂ ಮಡಿಲಲ್ಲಿ ಇದ್ದವು. ಹುಲಿಗೆವ್ವ ಅವನಿಗಿಂತ ಮುಂಚೆ ಬರುವಳು. ಚೀಲಕ್ಕೆ ಒರಗಿ ಕೂರುವಳು. ಒಂದು ದಿನ ಮೈದುನ ಬಂದು ಎದುರಿಗೆ ನಿಂತ.

"ಹಟ ಬಿಡವ್ವ. ಕಾಳಿಗೆ ಹುಳು ಬೀಳುತ್ತದೆ. ಕೊಡು, ನಾನು ಮಾರಿಸಿಕೊಡುತ್ತೇನೆ."

"ಬೀಳಲಿ ಬಿಡಪ್ಪ. ಹುಳು ತಿಂದದ್ದು ಕಣ್ಣಿಗಾದರೂ ಕಾಣುತ್ತದೆ" ಎಂದಳು ಹುಲಿಗೆವ್ವ.

ಅದನ್ನು ಕೇಳಿ ಪಕ್ಕದ ಕಲ್ಲಿನ ದಲ್ಲಾಳಿಗೂ ನಗು ತಡೆಯಲಾಗಲಿಲ್ಲ.

ಹೀಗಿರುವಾಗ ಬೇರೆ ಊರಿನ ಬೇಳೆ ಗಿರಣಿಯವನೊಬ್ಬ ಪೇಟೆಗೆ ಬಂದ. ಅವನಿಗೆ ಈ ಪೇಟೆಯ ಬೆರಳಿನ ಭಾಷೆ ಬರುತ್ತಿರಲಿಲ್ಲ. ಹಿಂದೆ ಬಂದಾಗಲೆಲ್ಲ ದಲ್ಲಾಳಿಗಳು ಅವನ ಬೆರಳು ಹಿಡಿದು ಆಟವಾಡಿಸಿ ಕಳಿಸಿದ್ದರು. ಒಂದು ಕಲ್ಲಿನ ಮೇಲೆ ಕಾಳು ಬಯಲಲ್ಲಿ ಇರುವುದನ್ನು ಕಂಡು ಹತ್ತಿರ ಬಂದ. ಹಿಡಿ ತುಂಬ ತೊಗರಿ ಎತ್ತಿದ. ಒಂದು ಕಾಳನ್ನು ಕಚ್ಚಿ ನೋಡಿದ.

"ಇಲ್ಲಿ ಬಾಯಲ್ಲೇ ಹೇಳಬಹುದೇ?"

"ಬಾಯಲ್ಲೇ ಹೇಳಬೇಕು."

ಅವನು ಒಂದು ಬೆಲೆ ಹೇಳಿದ. ಹೆಚ್ಚಿನದೇನಲ್ಲ. ಮೊಮ್ಮಗ ಅದನ್ನು ಪೇಟೆಗೆಲ್ಲ ಕೇಳುವ ಹಾಗೆ ಕೂಗಿದ.

ಪೇಟೆಯ ವ್ಯಾಪಾರಿಗಳು ಬಾಯಿ ತೆರೆಯಬಾರದು ಎಂದು ಮಾತಾಡಿಕೊಂಡಿದ್ದರು. ಆದರೆ ಒಳ್ಳೆಯ ಕಾಳು ಕಡಿಮೆ ಬೆಲೆಗೆ ಹೊರಗಿನವನ ಪಾಲಾಗುವುದನ್ನು ನೋಡುತ್ತ ನಿಲ್ಲುವುದು ವ್ಯಾಪಾರಿಯಾದವನಿಗೆ ಬಹಳ ಕಷ್ಟ. ನನಗೆ ಗೊತ್ತು. ಮೊಮ್ಮಗನಿಗೂ ಗೊತ್ತಿತ್ತು. ಅವನು ಆತುರಪಡಲಿಲ್ಲ. ಅದೇ ಬೆಲೆಯನ್ನು ಇನ್ನೊಮ್ಮೆ ಕೂಗಿದ.

ಹಿಂದಿನಿಂದ ಒಂದು ದನಿ ಒಂದು ಬೆರಳು ಮೇಲೆ ಹೇಳಿತು. ಎಲ್ಲರೂ ತಿರುಗಿ ನೋಡಿದರು. ಹಿರಿಯ ವ್ಯಾಪಾರಿಯ ಅಳಿಯ.

ಮಾವನ ಮುಖ ನೋಡಲಾಗದೆ ಅಳಿಯ ತಲೆ ತಗ್ಗಿಸಿದ. ಆದರೆ ಹೇಳಿದ ಬೆಲೆಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಗಿರಣಿಯವನು ಅದರ ಮೇಲೆ ಹೇಳಿದ. ಮತ್ತೊಬ್ಬ ಸೇರಿಕೊಂಡ. ಹುಲಿಗೆವ್ವ ಎದ್ದು ನಿಂತಿದ್ದಳು. ಬೆಲೆ ಎಲ್ಲಿ ಮುಟ್ಟಿದಾಗ ಸಾಕು ಎನ್ನಬೇಕೋ ಅಲ್ಲಿಗೆ ಮುಟ್ಟಿದಾಗ ತಾನೇ "ಕೊಟ್ಟೆ" ಎಂದಳು. ಅದು ಹೋದ ವರ್ಷದ ಬೆಲೆಗಿಂತ ಮೇಲಿತ್ತು. ಆ ಬೆಲೆಯನ್ನು ಅವಳು ಯಾರನ್ನೂ ಕೇಳಿ ತಿಳಿಯಬೇಕಾಗಲಿಲ್ಲ. ಮೈದುನನೂ ಕೇಳಿಸಿಕೊಂಡಿದ್ದ.

ಪಕ್ಕದ ಕಲ್ಲಿನಲ್ಲಿ ಕೇರಿಯ ಮುದುಕ ಕೂತಿದ್ದ. ಅವನ ಒಂದು ಚೀಲ ಆಗಷ್ಟೇ ಜರಿಯಂಚಿನ ವಲ್ಲಿಯ ಕೆಳಗೆ ಮಾರಾಟವಾಗಿತ್ತು. ತನಗೆ ಸಿಕ್ಕ ಬೆಲೆ ಅವನಿಗೆ ಗೊತ್ತಿತ್ತು. ಈಗ ಇನ್ನೊಂದು ಬೆಲೆಯೂ ಕಿವಿಗೆ ಬಿತ್ತು. ಅವನು ದಲ್ಲಾಳಿಯ ಕೈಯಿಂದ ತನ್ನ ಕೈಯನ್ನು ಬಿಡಿಸಿಕೊಂಡ. ಎದ್ದ. ಉಳಿದ ಚೀಲವನ್ನು ಹೆಗಲಿಗೇರಿಸಿ ತಂದು ಮೊಮ್ಮಗನ ಕಲ್ಲಿನ ಮುಂದೆ ಇಳಿಸಿದ.

"ಕೂಗು, ತಮ್ಮಾ" ಎಂದ.

ಅವನ ಹಿಂದೆ ಇನ್ನೊಂದು ಚೀಲ ಬಂತು. ಆ ದಿನ ಅಷ್ಟೇ. ಮುಂದಿನ ಸಂತೆಗೆ ಆ ಕಲ್ಲಿನ ಸುತ್ತ ನಿಲ್ಲಲು ಜಾಗವಿರಲಿಲ್ಲ. ಗೌಡರ ಗಾಡಿಗಳೂ ಬಂದವು. ತಾವೂ ಕಡಿಮೆ ಬೆಲೆಗೆ ಕೊಡುತ್ತ ಬಂದಿದ್ದೆವು ಎಂದು ಗೌಡರಿಗೂ ಗೊತ್ತಾಗಿತ್ತು. ಚೀಲ ಇದ್ದಲ್ಲಿಗೆ ಕೊಳ್ಳುವವರು ಬರಲೇಬೇಕು. ಬಂದರು. ಹಿರಿಯ ವ್ಯಾಪಾರಿ ಎಲ್ಲರಿಗಿಂತ ತಡವಾಗಿ ಬಂದ, ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದ. ಕೆಲವು ಬೆಳೆ ಕಳೆಯುವಷ್ಟರಲ್ಲಿ ಆ ಪೇಟೆಯಲ್ಲಿ ಕೈಯ ಮೇಲೆ ಬಟ್ಟೆ ಹಾಕುವವರೇ ಉಳಿಯಲಿಲ್ಲ.

ಹುಲಿಗೆವ್ವ ತನ್ನ ಹೊಲವನ್ನು ಬಿತ್ತಿದಳು. ಮರುವರ್ಷವೂ ಬಿತ್ತಿದಳು. ಮೊಮ್ಮಗನ ಆದಾಯ ಇಳಿಯಿತು, ಅಂಗಡಿ ಉಳಿಯಿತು. ಹೂವಿನ ಹರಿವಾಣ ಆ ಮನೆಗೆ ಮತ್ತೆ ಬರಲಿಲ್ಲ. ಆ ಮನೆತನದ ಹೆಸರು ಈಗ ಆ ಪೇಟೆಯಲ್ಲಿ ಹೆಚ್ಚು ಕೇಳಿಸುವುದಿಲ್ಲ. ಬೆಲೆ ಕೇಳಿಸುತ್ತದೆ.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

"ಆ ವಲ್ಲಿ ಈಗ ಎಲ್ಲಿದೆ?" ಎಂದು ನೀಲಗಂಗವ್ವ ಕೇಳಿದಳು.

"ಪೆಟ್ಟಿಗೆಯಲ್ಲಿ ಇದ್ದಷ್ಟು ಕಾಲ ಒಂದು ಎಳೆಯೂ ಹೋಗಿರಲಿಲ್ಲ. ಕಾಳಿನ ಕೆಳಗೆ ಬಿದ್ದ ಮೇಲೆ ಬೇಗ ಸವೆಯಿತು. ಕೊನೆಗೆ ಹರಿದು ಚೀಲದ ಬಾಯಿ ಕಟ್ಟಲು ಬಳಸಿದರು."

"ಅಯ್ಯೋ! ಯಾರೂ ಬೇಡ ಎನ್ನಲಿಲ್ಲವೇ?"

"ಚೀಲ ಕಟ್ಟುತ್ತಿದ್ದವನೇ ಮೊಮ್ಮಗ. ಅವನಿಗೆ ದಾರ ಬೇಕಾಗಿತ್ತು."

ನೀಲಗಂಗವ್ವನ ಮುಖ ತಿಳಿಯಾಯಿತು.

"ತಿಳಿಯಿತು ಗುರುಗಳೇ. ನಾನು ಭಟ್ಟಿಗೆ ಹೋಗುತ್ತೇನೆ. ಆ ಹೆಂಗಸರಿಗೆ ಏನು ಬೇಕೆಂದು ಮೊದಲು ಕೇಳುತ್ತೇನೆ. ಅಲ್ಲಿ ಕೂರಬೇಕಾದರೆ ಅಲ್ಲೇ ಕೂರುತ್ತೇನೆ. ಆದರೆ ತಂದೆಯ ದಿನ ಇದೊಂದು ಸಲ ಮುಗಿದುಬಿಡಲಿ. ಹೇಗೂ ಚಪ್ಪರ ಹಾಕಿಯಾಗಿದೆ."

ಗುರುಗಳು ಎದ್ದು ನಿಂತರು.

"ಚಪ್ಪರ ಹಾಕಿಸಿದವರು ಯಾರು ಎಂದೆ?"